ಮೂಳೆಯೊಳಗೆ ಹಲ್ಲಿನ ನಡಿಗೆ

ಒಂದೇ ದವಡೆಯಲ್ಲಿ ಅಕ್ಕಪಕ್ಕ ಎರಡು ಹಲ್ಲುಗಳಿವೆ ಎಂದುಕೊಳ್ಳಿ. ಒಂದು ನಮ್ಮದೇ ಹಲ್ಲು. ಇನ್ನೊಂದು, ಹಲ್ಲು ಕಿತ್ತ ಜಾಗದಲ್ಲಿ ವೈದ್ಯರು ಕೂರಿಸಿದ ಟೈಟೇನಿಯಂ ಇಂಪ್ಲಾಂಟ್. ಎರಡೂ ಅದೇ ಮೂಳೆಯಲ್ಲಿ ಗಟ್ಟಿಯಾಗಿ ನಿಂತಿವೆ, ಎರಡರಲ್ಲೂ ಹುರಿಗಡಲೆ ಅಗಿಯಬಹುದು. ಈಗ ಎರಡಕ್ಕೂ ಒಂದೊಂದು ಸಣ್ಣ ಸ್ಪ್ರಿಂಗ್ ಸಿಕ್ಕಿಸಿ ಸಮನಾದ ಬಲದಿಂದ ಎಳೆಯುತ್ತ ಹೋದರೆ, ಆರು ತಿಂಗಳ ಹೊತ್ತಿಗೆ ನಮ್ಮ ಹಲ್ಲು ಐದಾರು ಮಿಲಿಮೀಟರ್ ಸರಿದಿರುತ್ತದೆ. ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ.

ಹಲ್ಲಿಗೆ ಕ್ಲಿಪ್ ಹಾಕಿಸುವ ಚಿಕಿತ್ಸೆಯ ಗುಟ್ಟೆಲ್ಲ ಈ ವ್ಯತ್ಯಾಸದಲ್ಲಿದೆ. ತಂತಿಯನ್ನು ಬಿಗಿದಾಗ ಹಲ್ಲು ಮೂಳೆಯನ್ನು ಒತ್ತರಿಸಿಕೊಂಡು ಮುಂದೆ ಹೋಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ನಿಜವಾಗಿದ್ದರೆ ಇಂಪ್ಲಾಂಟೂ ಸರಿಯಬೇಕಿತ್ತು. ತಂತಿ ಕೊಡುವುದು ಬರೀ ಒಂದು ಸೂಚನೆ. ಅದನ್ನು ಗ್ರಹಿಸಿ ಹಲ್ಲಿನ ಮುಂದಿರುವ ಮೂಳೆಯನ್ನು ಕರಗಿಸುವುದು, ಹಿಂದೆ ಹೊಸ ಮೂಳೆ ಕಟ್ಟುವುದು ನಮ್ಮದೇ ಜೀವಕೋಶಗಳ ಕೆಲಸ. ಇಷ್ಟು ಮನಸ್ಸಿಗೆ ಬಂದರೆ, ಈ ಚಿಕಿತ್ಸೆಗೆ ವರ್ಷಗಟ್ಟಲೆ ಯಾಕೆ ಬೇಕು, ಜೋರಾಗಿ ಎಳೆದರೆ ಯಾಕೆ ಕೆಡುತ್ತದೆ, ಕ್ಲಿಪ್ ತೆಗೆದ ಮೇಲೂ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಯಾಕೆ ಹಾಕಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿ ಸಿಗುತ್ತದೆ.

ಕಾಲು ಮಿಲಿಮೀಟರ್ ಸಂದು

ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಅದು ಕೂತಿರುವ ಮೂಳೆಯ ಗುಳಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ಸಂದು ಇದೆ. ಅದನ್ನು ತುಂಬಿರುವುದು ಪೆರಿಯೊಡಾಂಟಲ್ ಲಿಗಮೆಂಟ್ ಎಂಬ ಮೆತ್ತನೆಯ ಅಂಗಾಂಶ. ಇದರ ಕೊಲಾಜೆನ್ ನಾರುಗಳ ಒಂದು ತುದಿ ಬೇರಿನ ಮೇಲ್ಪದರದಲ್ಲಿ, ಇನ್ನೊಂದು ತುದಿ ಮೂಳೆಯಲ್ಲಿ ಹೂತುಕೊಂಡಿದೆ. ತೊಟ್ಟಿಲು ಹಗ್ಗಗಳಲ್ಲಿ ತೂಗುವ ಹಾಗೆ ಪ್ರತಿ ಹಲ್ಲೂ ಈ ನಾರುಗಳಲ್ಲಿ ತೂಗುತ್ತಿರುತ್ತದೆ. ನಾರುಗಳ ನಡುವೆ ರಕ್ತನಾಳಗಳಿವೆ, ದ್ರವವಿದೆ, ಬಗೆಬಗೆಯ ಜೀವಕೋಶಗಳಿವೆ, ಬಹಳ ಸೂಕ್ಷ್ಮವಾದ ನರಗಳಿವೆ. ಅನ್ನದಲ್ಲಿ ಚಿಕ್ಕ ಕಲ್ಲು ಸಿಕ್ಕಿದ ಕ್ಷಣವೇ ದವಡೆ ತಟ್ಟನೆ ನಿಲ್ಲುತ್ತದಲ್ಲ, ಆ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದು ಇಲ್ಲಿನ ನರಗಳೇ.

ಇಂಪ್ಲಾಂಟ್‌ಗೆ ಈ ಲಿಗಮೆಂಟ್ ಇಲ್ಲ. ಮೂಳೆ ಬಂದು ಲೋಹಕ್ಕೇ ಬೆಸೆದುಕೊಂಡಿರುತ್ತದೆ. ಬಾಲ್ಯದಲ್ಲಿ ಬಲವಾದ ಪೆಟ್ಟು ಬಿದ್ದು ಲಿಗಮೆಂಟ್ ಹಾಳಾಗಿ, ಬೇರು ಮೂಳೆಗೆ ಬೆಸೆದುಹೋದ ಹಲ್ಲನ್ನು ಕೂಡ ಯಾವ ತಂತಿಯೂ ಸರಿಸಲಾರದು. ಅದೇ ರೂಟ್ ಕೆನಾಲ್ ಮಾಡಿಸಿ ಒಳಗಿನ ನರವನ್ನು ಪೂರ್ತಿ ತೆಗೆದ ಹಲ್ಲು ಉಳಿದ ಹಲ್ಲುಗಳಂತೆಯೇ ಸರಿಯುತ್ತದೆ. ಅಂದರೆ ಹಲ್ಲಿನ ಒಳಗೆ ಜೀವ ಇದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ, ಸುತ್ತಲಿನ ಲಿಗಮೆಂಟ್ ಜೀವಂತವಾಗಿರಬೇಕು.

ಮೂಳೆಯೂ ಜೀವಂತ ವಸ್ತುವೇ. ನಮ್ಮ ಅಸ್ಥಿಪಂಜರದಲ್ಲಿ ಹಳೆಯ ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳೂ ಹೊಸದನ್ನು ಕಟ್ಟುವ ಆಸ್ಟಿಯೊಬ್ಲಾಸ್ಟ್ ಕೋಶಗಳೂ ಜೀವನವಿಡೀ ದುಡಿಯುತ್ತಿರುತ್ತವೆ. ಮುರಿದ ಕೈ ಕೂಡಿಕೊಳ್ಳುವುದು ಇದೇ ವ್ಯವಸ್ಥೆಯಿಂದ. ಹಲ್ಲನ್ನು ಸರಿಸುವ ವೈದ್ಯರು ಹೊಸದೇನನ್ನೂ ಸೃಷ್ಟಿಸುವುದಿಲ್ಲ. ಈಗಾಗಲೇ ನಡೆಯುತ್ತಿರುವ ಈ ಕೆಲಸಕ್ಕೆ ಒಂದು ದಿಕ್ಕು ತೋರಿಸುತ್ತಾರೆ.

ಒಂದು ಕೋರೆಹಲ್ಲು ಹೊರಟಾಗ

ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲ್ದವಡೆಯಲ್ಲಿ ಹಲ್ಲುಗಳಿಗೆ ಜಾಗ ಸಾಲದೆ ಕೋರೆಹಲ್ಲು ಸಾಲಿನಿಂದ ಆಚೆ, ವಸಡಿನ ಮೇಲ್ಗಡೆ ಹುಟ್ಟಿದೆ ಎಂದುಕೊಳ್ಳೋಣ. ನಮ್ಮಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ತೊಂದರೆ ಇದು. ಎಕ್ಸ್-ರೇ ತೆಗೆದು ಅಳತೆ ಹಾಕಿದ ವೈದ್ಯರು ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆ ಹಲ್ಲೊಂದನ್ನು ಕೀಳಿಸಿದ್ದಾರೆ. ಈಗ ಸುಮಾರು ಏಳು ಮಿಲಿಮೀಟರ್ ಜಾಗ ಸಿಕ್ಕಿದೆ. ಕೋರೆಹಲ್ಲು ಅಲ್ಲಿಗೆ ಹಿಂದೆ ಸರಿಯಬೇಕು. ಬಾಯಲ್ಲೇ ಅತಿ ಉದ್ದದ ಬೇರು ಅದರದು, ಹಾಗಾಗಿ ಪ್ರಯಾಣ ಸುಲಭದ್ದಲ್ಲ.

ಹಲ್ಲಿನ ಮೇಲೆ ಅಂಟಿಸಿದ ಪುಟ್ಟ ಬ್ರಾಕೆಟ್‌ಗೆ ಸ್ಪ್ರಿಂಗ್ ಸಿಕ್ಕಿಸಿ ನೂರು ಗ್ರಾಂ ಆಸುಪಾಸಿನ ಬಲದಿಂದ ಎಳೆದ ಮೊದಲ ಕೆಲವು ಸೆಕೆಂಡುಗಳಲ್ಲೇ ಹಲ್ಲು ತನ್ನ ಗುಳಿಯೊಳಗೆ ಕೊಂಚ ವಾಲುತ್ತದೆ. ಹಿಂಬದಿಯ ಲಿಗಮೆಂಟ್ ಒತ್ತಿಕೊಳ್ಳುತ್ತದೆ, ಮುಂಬದಿಯದು ಹಿಗ್ಗುತ್ತದೆ. ಒತ್ತಿದ ಕಡೆ ರಕ್ತನಾಳಗಳು ಕಿರಿದಾಗುತ್ತವೆ, ಹಿಗ್ಗಿದ ಕಡೆ ಅಗಲವಾಗುತ್ತವೆ. ನಿಮಿಷಗಳು ಕಳೆದಂತೆ ಆಮ್ಲಜನಕದ ಪ್ರಮಾಣ ಏರುಪೇರಾಗಿ, ಜೀವಕೋಶಗಳು ಪ್ರೊಸ್ಟಗ್ಲಾಂಡಿನ್ ಮತ್ತು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡತೊಡಗುತ್ತವೆ. ಈ ಹೊತ್ತಿನಲ್ಲಿ ಸ್ಪ್ರಿಂಗ್ ತೆಗೆದುಬಿಟ್ಟರೆ ಏನೂ ಆಗದಂತೆ ಎಲ್ಲ ಮೊದಲಿನ ಸ್ಥಿತಿಗೆ ಬರುತ್ತದೆ. ಎಳೆತ ಬಿಡದೆ ಸುಮಾರು ನಾಲ್ಕು ತಾಸು ಮುಂದುವರಿದರೆ ಮಾತ್ರ ಜೀವಕೋಶಗಳು ಹೊಸ ಕೆಲಸಕ್ಕೆ ಸಜ್ಜಾಗುತ್ತವೆ.

ಮರುದಿನ ಹುಡುಗಿಗೆ ನೋವು ಜೋರಾಗುತ್ತದೆ. ಚಪಾತಿ ಕಚ್ಚಿದರೂ ಹಲ್ಲು ಜುಮ್ಮೆನ್ನುತ್ತದೆ. ಒಳಗೆ ಮೂಳೆಯ ಕೆಲಸ ಆರಂಭಿಸಿರುವ ರಾಸಾಯನಿಕಗಳೇ ನರಗಳನ್ನೂ ಕೆರಳಿಸುತ್ತವೆ. ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುವುದರಿಂದ ಅನೇಕ ವೈದ್ಯರು ನೋವಿಗೆ ಪ್ಯಾರಾಸಿಟಮಾಲ್ ಸೂಚಿಸುತ್ತಾರೆ. ವಾರದೊಳಗೆ ನೋವು ಇಳಿಯುತ್ತದೆ.

ಅಷ್ಟರಲ್ಲಿ ಒತ್ತಡದ ಕಡೆ ಅಸಲಿ ಕೆಲಸ ಶುರುವಾಗಿರುತ್ತದೆ. ಅಲ್ಲಿನ ಕೋಶಗಳು ರ‍್ಯಾಂಕ್-ಎಲ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ರಕ್ತದಲ್ಲಿ ಬಂದ ಪೂರ್ವಜ ಕೋಶಗಳು ಈ ಸಂಕೇತಕ್ಕೆ ಓಗೊಟ್ಟು ಒಂದರೊಡನೊಂದು ಬೆಸೆದು, ಹಲವು ನ್ಯೂಕ್ಲಿಯಸ್‌ಗಳಿರುವ ದೊಡ್ಡ ಆಸ್ಟಿಯೊಕ್ಲಾಸ್ಟ್‌ಗಳಾಗುತ್ತವೆ. ಆಸ್ಟಿಯೊಕ್ಲಾಸ್ಟ್ ಮೂಳೆಯ ಮೇಲೆ ಬಿಗಿಯಾಗಿ ಕೂತು ಆಮ್ಲ ಸುರಿಸಿ ಅದರ ಖನಿಜವನ್ನು ಕರಗಿಸುತ್ತದೆ, ಕಿಣ್ವ ಬಿಟ್ಟು ಉಳಿದ ಕೊಲಾಜೆನ್ನನ್ನು ಕತ್ತರಿಸುತ್ತದೆ. ಆಸ್ಟಿಯೊಪ್ರೊಟೆಜೆರಿನ್ ಎಂಬ ಇನ್ನೊಂದು ಪ್ರೋಟೀನು ರ‍್ಯಾಂಕ್-ಎಲ್‌ಗೆ ಅಂಟಿಕೊಂಡು ಕರಗುವಿಕೆ ಮಿತಿ ಮೀರದಂತೆ ತಡೆಯುತ್ತದೆ. ಹಲ್ಲಿನ ಇನ್ನೊಂದು ಮಗ್ಗುಲಲ್ಲಿ, ನಾರುಗಳು ಹಿಗ್ಗಿರುವ ಕಡೆ, ಆಸ್ಟಿಯೊಬ್ಲಾಸ್ಟ್‌ಗಳು ಹೊಸ ಮೂಳೆಯ ಪದರಗಳನ್ನು ಕಟ್ಟುತ್ತ ಬರುತ್ತವೆ. ಹೀಗೆ ಹಲ್ಲಿನೊಂದಿಗೆ ಅದರ ಗುಳಿಯೇ ಸರಿಯುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಏಳು ಮಿಲಿಮೀಟರ್ ದಾಟಲು ಅರ್ಧ ವರ್ಷಕ್ಕಿಂತ ಹೆಚ್ಚು ಬೇಕು ಎಂಬ ಲೆಕ್ಕ ಬರುವುದು ಹೀಗೆ.

ಇನ್ನೊಂದು ತೊಡಕೂ ಇದೆ. ಹೊರಗೆ ಕಾಣುವ ಭಾಗವನ್ನಷ್ಟೇ ಎಳೆದರೆ ಹಲ್ಲು ವಾಲುತ್ತದೆಯೇ ಹೊರತು ಬೇರು ಸಮೇತ ಸರಿಯುವುದಿಲ್ಲ. ಬ್ರಾಕೆಟ್ಟಿನ ಸೀಳಿನಲ್ಲಿ ತಂತಿ ಬಿಗಿಯಾಗಿ ಕೂತಾಗ ಆ ವಾಲಿಕೆಯನ್ನು ತಡೆಯುವ ಎದುರು ಬಲ ಹುಟ್ಟುತ್ತದೆ, ಹಲ್ಲು ನೆಟ್ಟಗೇ ಸಾಗುತ್ತದೆ. ಜೊತೆಗೆ ನ್ಯೂಟನ್ನನ ಮೂರನೇ ನಿಯಮ ಬಾಯೊಳಗೂ ನಡೆಯುತ್ತದೆ. ದವಡೆ ಹಲ್ಲಿಗೆ ಕಟ್ಟಿ ಕೋರೆಹಲ್ಲನ್ನು ಹಿಂದಕ್ಕೆ ಎಳೆದರೆ ದವಡೆ ಹಲ್ಲೂ ಮುಂದಕ್ಕೆ ಬರತೊಡಗುತ್ತದೆ, ಕಷ್ಟಪಟ್ಟು ಗಳಿಸಿದ ಜಾಗ ಅದರ ಪಾಲಾಗುತ್ತದೆ. ಜಾಗ ಬಹಳ ಬಿಗಿ ಇದ್ದಾಗ ವೈದ್ಯರು ಮೂಳೆಯೊಳಗೆ ತಾತ್ಕಾಲಿಕವಾಗಿ ಪುಟ್ಟ ಟೈಟೇನಿಯಂ ಸ್ಕ್ರೂ ಹಾಕಿ ಅದರಿಂದ ಎಳೆಯುತ್ತಾರೆ. ಲಿಗಮೆಂಟ್ ಇಲ್ಲದ್ದು ಹಲ್ಲಿನಂತೆ ಸರಿಯುವುದಿಲ್ಲ ಎಂಬ ಸಂಗತಿಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಬಲ ಹೆಚ್ಚಾದರೆ ಹಲ್ಲು ನಿಲ್ಲುತ್ತದೆ

‘ಡಾಕ್ಟ್ರೇ, ಇನ್ನೂ ಸ್ವಲ್ಪ ಟೈಟ್ ಮಾಡಿ, ಬೇಗ ಮುಗಿಯಲಿ’ ಎಂದು ಕೇಳುವವರುಂಟು. ಇದಕ್ಕೆ ಉತ್ತರ ಸಿಕ್ಕಿ ಶತಮಾನ ಕಳೆದಿದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ಟ್ ನಾಯಿಯ ಬಾಚಿಹಲ್ಲುಗಳನ್ನು ಮೂರು ವಾರ ತಂತಿಯಿಂದ ಒತ್ತಿ ಸರಿಸಿ, ಬಳಿಕ ಮೂಳೆಯ ತೆಳುವಾದ ಬಿಲ್ಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. 1904ರ ಹೊತ್ತಿಗೆ ಪ್ರಕಟವಾದ ಆ ಕೆಲಸದಲ್ಲಿ ಒತ್ತಿದ ಕಡೆ ಮೂಳೆ ಕರಗಿದ್ದೂ ಎಳೆದ ಕಡೆ ಮೂಳೆ ಬೆಳೆದಿದ್ದೂ ಸ್ಪಷ್ಟವಾಗಿ ಕಂಡಿತ್ತು. ಬಲ ಹೆಚ್ಚಿದ್ದಲ್ಲಿ ಮಾತ್ರ ಬೇರೆಯೇ ಚಿತ್ರ ಇತ್ತು. ಲಿಗಮೆಂಟ್ ಜಜ್ಜಿಹೋಗಿ, ಕೋಶಗಳು ಸತ್ತು, ಆ ಭಾಗ ಗಾಜಿನಂತೆ ನಯವಾಗಿ ಕಾಣುತ್ತಿತ್ತು.

ಸತ್ತ ಜಾಗದಲ್ಲಿ ಸಂಕೇತ ಕೊಡುವವರೂ ಇಲ್ಲ, ಕೇಳುವವರೂ ಇಲ್ಲ. ಆಸ್ಟಿಯೊಕ್ಲಾಸ್ಟ್‌ಗಳು ಅಕ್ಕಪಕ್ಕದ ಜೀವಂತ ಮೂಳೆಯ ಒಳಗಿನಿಂದ ಸುತ್ತಿ ಬಂದು, ಬುಡದಿಂದ ಕೊರೆಯುತ್ತ ದಾರಿ ಮಾಡಬೇಕು. ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೂ ಹಲ್ಲು ಕದಲದೆ ನಿಂತಿರುತ್ತದೆ, ನೋವು ಮಾತ್ರ ಇರುತ್ತದೆ. 1932ರಲ್ಲಿ ಆಸ್ಟ್ರಿಯಾದ ಮಾರ್ಟಿನ್ ಶ್ವಾರ್ಟ್ಸ್ ಇದಕ್ಕೆ ಒಂದು ಅಳತೆಗೋಲು ಕೊಟ್ಟರು: ಹಲ್ಲಿನ ಮೇಲಿನ ಒತ್ತಡ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹರಿಯುವ ಒತ್ತಡವನ್ನು, ಅಂದರೆ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಅನ್ನು, ಮೀರಬಾರದು. ರಕ್ತ ಹರಿದಲ್ಲಿ ಮಾತ್ರ ಕೆಲಸ ನಡೆಯುತ್ತದೆ ಎಂಬ ಆ ಮಾತಿನ ತಿರುಳು ಇಂದಿಗೂ ನಿಂತಿದೆ. ವಾಲಿಸಲು 35ರಿಂದ 60 ಗ್ರಾಂ, ಬೇರು ಸಮೇತ ಸಾಗಿಸಲು 70ರಿಂದ 120 ಗ್ರಾಂ, ಹಲ್ಲನ್ನು ಮೂಳೆಯೊಳಕ್ಕೆ ಒತ್ತಲು ಬರೀ 10ರಿಂದ 20 ಗ್ರಾಂ ಸಾಕು ಎಂದು ಪಠ್ಯಪುಸ್ತಕಗಳು ಹೇಳುತ್ತವೆ.

ಹಾಗಾದರೆ ಊಟ ಮಾಡುವಾಗ ಹಲ್ಲುಗಳ ಮೇಲೆ ಬೀಳುವ ಕಿಲೋಗಟ್ಟಲೆ ಬಲ ಅವನ್ನು ಯಾಕೆ ಸರಿಸುವುದಿಲ್ಲ? ಒಂದೊಂದು ಅಗಿತವೂ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಅಷ್ಟು ಬೇಗ ಲಿಗಮೆಂಟಿನ ದ್ರವ ಹೊರಗೆ ಹರಿಯಲಾರದು, ಅದೇ ಆಸರೆಯಾಗಿ ನಿಂತು ಹೊಡೆತವನ್ನು ಮೂಳೆಗೆ ದಾಟಿಸುತ್ತದೆ. ಹಲ್ಲು ಸರಿಯಲು ಬೇಕಾದದ್ದು ಹೆಚ್ಚಿನ ಬಲಕ್ಕಿಂತ ಹೆಚ್ಚಾಗಿ, ಎಡೆಬಿಡದ ಕಾಲ. ದಿನಕ್ಕೆ ಆರೇಳು ತಾಸು ಹೆಬ್ಬೆರಳು ಚೀಪುವ ಮಗುವಿನ ಹಲ್ಲುಗಳು ಮುಂದಕ್ಕೆ ಉಬ್ಬುವುದೂ ಇದೇ ನಿಯಮದಿಂದ. ಅದೇ ಬೆರಳನ್ನು ಆಗೊಮ್ಮೆ ಈಗೊಮ್ಮೆ ಬಾಯಿಗಿಡುವ ಮಗುವಿಗೆ ಅಷ್ಟಾಗಿ ಏನೂ ಆಗುವುದಿಲ್ಲ.

ರೇಷ್ಮೆ ದಾರದಿಂದ ನಿಟಿನಾಲ್‌ವರೆಗೆ

ಈ ನಿಯಮ ತಿಳಿದ ಮೇಲೆ ತಂತಿಯ ಚರಿತ್ರೆಯನ್ನು ನೋಡಿದರೆ, ಅದು ಹಗುರವಾದ, ನಿರಂತರವಾದ ಬಲಕ್ಕಾಗಿ ನಡೆದ ಹುಡುಕಾಟದಂತೆ ಕಾಣುತ್ತದೆ. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಷಾರ್ ತೂತುಗಳಿರುವ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸಾಲಿಗೆ ತರುವ ವಿಧಾನವನ್ನು ತಮ್ಮ ಗ್ರಂಥದಲ್ಲಿ ವಿವರಿಸಿದರು. ಅಮೆರಿಕದ ಎಡ್ವರ್ಡ್ ಆ್ಯಂಗಲ್ 1899ರಲ್ಲಿ, ಮೇಲಿನ ಕೆಳಗಿನ ದವಡೆ ಹಲ್ಲುಗಳು ಕೂಡುವ ರೀತಿಯನ್ನು ಆಧರಿಸಿ ವಕ್ರದಂತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಆ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. 1928ರಲ್ಲಿ ಅವರೇ ಆಯತಾಕಾರದ ತಂತಿ ಕೂರುವ ಬ್ರಾಕೆಟ್ ರೂಪಿಸಿದ್ದರಿಂದ ಬೇರಿನ ವಾಲಿಕೆಯನ್ನೂ ಹತೋಟಿಗೆ ತರಲು ಸಾಧ್ಯವಾಯಿತು.

ಆಗೆಲ್ಲ ಪ್ರತಿ ಹಲ್ಲಿಗೂ ಲೋಹದ ಬಳೆ ತೊಡಿಸಬೇಕಿತ್ತು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎನಾಮೆಲ್ ಮೇಲೆ ಫಾಸ್ಫಾರಿಕ್ ಆಮ್ಲ ಸವರಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಮುಂದೆ ಬ್ರಾಕೆಟ್ಟನ್ನು ನೇರವಾಗಿ ಹಲ್ಲಿಗೇ ಅಂಟಿಸುವುದು ರೂಢಿಗೆ ಬಂತು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಬೆಳಕಿಗೆ ತಂದ ನಿಕ್ಕಲ್-ಟೈಟೇನಿಯಂ ಮಿಶ್ರಲೋಹ ನಿಟಿನಾಲನ್ನು 1970ರ ದಶಕದ ಆರಂಭದಲ್ಲಿ ಅಯೋವಾದ ಜಾರ್ಜ್ ಆಂಡ್ರಿಯಾಸನ್ ಹಲ್ಲಿನ ಚಿಕಿತ್ಸೆಗೆ ತಂದರು. ಸ್ಟೀಲ್ ತಂತಿಯನ್ನು ಬಗ್ಗಿಸಿ ಕಟ್ಟಿದರೆ ಮೊದಲ ದಿನ ಅತಿಯಾಗಿ ಎಳೆದು, ಹಲ್ಲು ಕೊಂಚ ಸರಿದೊಡನೆ ಸಡಿಲಾಗುತ್ತದೆ. ಸೂಪರ್ ಇಲ್ಯಾಸ್ಟಿಕ್ ನಿಟಿನಾಲ್ ತಂತಿ ವಾರಗಟ್ಟಲೆ ಹೆಚ್ಚುಕಡಿಮೆ ಒಂದೇ ಸಮನಾದ ಹಗುರ ಬಲ ಕೊಡುತ್ತದೆ. ಇಂದು ನಾಲ್ಕರಿಂದ ಆರು ವಾರಕ್ಕೊಮ್ಮೆ ವೈದ್ಯರ ಬಳಿ ಹೋದರೆ ಸಾಕಾಗುವುದಕ್ಕೆ ಇದೂ ಒಂದು ಕಾರಣ. 1990ರ ದಶಕದ ಕೊನೆಯಲ್ಲಿ ಬಂದ ಪಾರದರ್ಶಕ ಅಲೈನರ್‌ಗಳು ತಂತಿಯ ಬದಲು ಪ್ಲಾಸ್ಟಿಕ್ ಅಚ್ಚುಗಳಿಂದ ಹಲ್ಲನ್ನು ಒತ್ತುತ್ತವೆ. ಒಂದೊಂದು ಅಚ್ಚೂ ಕಾಲು ಮಿಲಿಮೀಟರಿನಷ್ಟು ಸರಿಸುವಂತೆ ರೂಪಿಸಿರುತ್ತಾರೆ. ದಿನಕ್ಕೆ 20ರಿಂದ 22 ತಾಸು ಹಾಕಿಕೊಂಡಿದ್ದರೆ ಮಾತ್ರ ಫಲ ಸಿಗುತ್ತದೆ. ಸಾಧನ ಯಾವುದಾದರೂ ಒಳಗೆ ಮೂಳೆ ಕರಗಿಸುವ, ಕಟ್ಟುವ ಕೋಶಗಳು ಅವೇ.

ಒಂದು ರಬ್ಬರ್ ಬ್ಯಾಂಡ್ ಮಾಡುವ ಅನಾಹುತ

ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಮುಚ್ಚಲು ಎರಡಕ್ಕೂ ಸೇರಿಸಿ ಪುಟ್ಟ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವ ಉಪಾಯವನ್ನು ಅಂತರ್ಜಾಲದ ವಿಡಿಯೊಗಳಲ್ಲಿ ತೋರಿಸುತ್ತಾರೆ. ಸಂದು ಬೇಗನೆ ಮುಚ್ಚಿದಂತೆ ಕಾಣುತ್ತದೆ ಕೂಡ. ಆದರೆ ಹಲ್ಲಿನ ಬೇರು ತುದಿಗೆ ಹೋದಂತೆ ಸಪೂರವಾಗುವುದರಿಂದ ಬ್ಯಾಂಡ್ ಜಾರುತ್ತ ವಸಡಿನೊಳಗೆ ನುಸುಳಿ ಕಣ್ಮರೆಯಾಗುತ್ತದೆ. ಬಿದ್ದುಹೋಗಿರಬೇಕು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅದು ಒಳಗೆ ಲಿಗಮೆಂಟನ್ನು ಕತ್ತರಿಸುತ್ತ, ಮೂಳೆಯನ್ನು ನಾಶ ಮಾಡುತ್ತ ಬೇರಿನ ತುದಿಯತ್ತ ಏರುತ್ತದೆ. ವಸಡು ಊದಿ, ಹಲ್ಲುಗಳು ಅಲುಗಾಡಿ, ಕೊನೆಗೆ ಆರೋಗ್ಯವಾಗಿದ್ದ ಎರಡು ಬಾಚಿಹಲ್ಲುಗಳನ್ನು ಕಳೆದುಕೊಂಡ ಮಕ್ಕಳ ಪ್ರಕರಣಗಳು ದಂತವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ದಯವಿಟ್ಟು ಮನೆಯಲ್ಲಿ ಯಾರೂ ಈ ಪ್ರಯೋಗಕ್ಕೆ ಇಳಿಯಬೇಡಿ.

ಪರಿಣತರ ಕೈಯಲ್ಲೂ ಈ ಚಿಕಿತ್ಸೆಗೆ ಅಪಾಯಗಳಿಲ್ಲದಿಲ್ಲ. ಬೇರಿನ ತುದಿ ಕೊಂಚ ಸವೆಯುವುದು ಸಾಮಾನ್ಯ, ಕೆಲವರಲ್ಲಿ ಸವೆತ ಹೆಚ್ಚಾಗುತ್ತದೆ. ಬ್ರಾಕೆಟ್ಟಿನ ಸುತ್ತ ಪಾಚಿ ಕಟ್ಟಲು ಬಿಟ್ಟರೆ ನಾಲ್ಕೇ ವಾರಗಳಲ್ಲಿ ಎನಾಮೆಲ್ ಮೇಲೆ ಬಿಳಿ ಮಚ್ಚೆ ಮೂಡಬಹುದು. ಕ್ಲಿಪ್ ಇದ್ದಷ್ಟು ದಿನ ಚಕ್ಕುಲಿ, ನಿಪ್ಪಟ್ಟು, ಕಬ್ಬು, ಚಿಕ್ಕಿ ದೂರವಿರಬೇಕು, ಪ್ರತಿ ಊಟದ ನಂತರ ಬ್ರಷ್ ಮಾಡಬೇಕು. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಆ ಔಷಧ ಆಸ್ಟಿಯೊಕ್ಲಾಸ್ಟ್‌ಗಳನ್ನೇ ಕಟ್ಟಿಹಾಕುವುದರಿಂದ ಹಲ್ಲು ಸರಿಯುವುದೇ ಕಷ್ಟ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ವಸಡಿನ ರೋಗ ಮೊದಲು ವಾಸಿಯಾಗಬೇಕು. ಇವೆಲ್ಲ ಸರಿ ಇದ್ದರೆ ನಲವತ್ತು, ಐವತ್ತರ ವಯಸ್ಸಿನಲ್ಲೂ ಹಲ್ಲು ಸರಿಯುತ್ತದೆ. ಲಿಗಮೆಂಟಿಗೆ ವಯಸ್ಸಿನ ಗಡಿ ಇಲ್ಲ.

ಇದೆಲ್ಲ ಯಾಕೆ ಬೇಕು?

ಅಂದಕ್ಕೆ ಮಾತ್ರ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಉಬ್ಬು ಹಲ್ಲಿನ ಮಕ್ಕಳು ಆಟದಲ್ಲಿ ಬಿದ್ದಾಗ ಮೊದಲು ಮುರಿಯುವುದು ಆ ಮುಂದಿನ ಹಲ್ಲುಗಳೇ. ಮುಂದಿನ ಹಲ್ಲುಗಳು ಕೂಡದ ಬಾಯಿಗೆ ತುತ್ತನ್ನು ಕಚ್ಚಿ ತುಂಡರಿಸುವುದೇ ಕಷ್ಟ. ಕೆಳಗಿನ ಹಲ್ಲು ಮೇಲಿನ ಅಂಗುಳವನ್ನು ಚುಚ್ಚುವಷ್ಟು ಆಳವಾಗಿ ಕಚ್ಚುವವರಿಗೆ ಅಲ್ಲಿ ಗಾಯವಾಗುತ್ತಲೇ ಇರುತ್ತದೆ. ಸೀಳುತುಟಿ, ಸೀಳಂಗುಳದ ಮಕ್ಕಳಿಗಂತೂ ಈ ಚಿಕಿತ್ಸೆ ಶಸ್ತ್ರಚಿಕಿತ್ಸೆಯಷ್ಟೇ ಅಗತ್ಯ. ಸೀಳಿನಲ್ಲಿ ಮೂಳೆ ತುಂಬಿಸಿ ಕೋರೆಹಲ್ಲಿಗೆ ದಾರಿ ಮಾಡಿಕೊಡಲು ಶಸ್ತ್ರವೈದ್ಯರೂ ವಕ್ರದಂತ ತಜ್ಞರೂ ಕೂಡಿ ವರ್ಷಗಟ್ಟಲೆ ದುಡಿಯುತ್ತಾರೆ. ಹಲ್ಲು ನೇರವಾದ ಮಾತ್ರಕ್ಕೆ ಹುಳುಕು ಬರುವುದಿಲ್ಲ ಎನ್ನುವಂತಿಲ್ಲ, ಅದಕ್ಕೆ ಬ್ರಷ್ಷೇ ಬೇಕು. ಆದರೆ ತರಗತಿಯಲ್ಲಿ ಅಡ್ಡಹೆಸರು ಕೇಳಿ ಕೇಳಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಗುವಿನ ಸಂಕಟ ನಿಜವಾದದ್ದು. ಅದನ್ನು ನಿವಾರಿಸುವುದನ್ನು ಬರೀ ಶೋಕಿ ಎನ್ನುವುದು ತಪ್ಪು.

ಸರಿಸಿದ ಹಲ್ಲು ಮತ್ತೆ ಹಿಂದಕ್ಕೆ ಹೊರಡುತ್ತದೆ ಎಂಬುದನ್ನು ಮರೆಯಬಾರದು. ಲಿಗಮೆಂಟ್ ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ವಸಡಿನ ಹಿಗ್ಗುವ ನಾರುಗಳು ವರ್ಷ ಕಳೆದರೂ ಹಲ್ಲನ್ನು ಹಳೆಯ ದಿಕ್ಕಿಗೆ ಎಳೆಯುತ್ತಿರುತ್ತವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟ್ಲ್ ಮತ್ತು ಸಂಗಡಿಗರು ಚಿಕಿತ್ಸೆ ಮುಗಿದು ಹತ್ತು ವರ್ಷ ಕಳೆದವರ ಕೆಳದವಡೆಯ ಬಾಚಿಹಲ್ಲುಗಳನ್ನು ಪರಿಶೀಲಿಸಿ 1981ರಲ್ಲಿ ವರದಿ ಮಾಡಿದಾಗ, ಸಾಲು ತೃಪ್ತಿಕರವಾಗಿ ಉಳಿದಿದ್ದುದು ಶೇಕಡಾ 30ಕ್ಕಿಂತ ಕಡಿಮೆ ಮಂದಿಯಲ್ಲಿ. ಕ್ಲಿಪ್ ತೆಗೆದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ರಿಟೇನರ್ ಹಾಕಿಕೊಳ್ಳುವುದು ಅದರ ದ್ವಿತೀಯಾರ್ಧ.

ಹೆತ್ತವರಲ್ಲಿ ಒಂದು ವಿನಂತಿ. ಮಗುವಿಗೆ ಏಳು ವರ್ಷ ತುಂಬಿದಾಗ, ಶಾಶ್ವತ ದವಡೆ ಹಲ್ಲುಗಳೂ ಬಾಚಿಹಲ್ಲುಗಳೂ ಮೂಡುತ್ತಿರುವ ಹೊತ್ತಿನಲ್ಲಿ, ಒಮ್ಮೆ ದಂತವೈದ್ಯರಿಗೆ ತೋರಿಸಿ. ಅಷ್ಟು ಬೇಗ ಕ್ಲಿಪ್ ಬೇಕಾಗುವುದು ಕೆಲವರಿಗೆ ಮಾತ್ರ. ಹಾಲುಹಲ್ಲು ಹೇಗೂ ಬೀಳುತ್ತದೆ ಎಂದು ಹುಳುಕನ್ನು ಕಡೆಗಣಿಸಬೇಡಿ, ಹಾಲುಹಲ್ಲು ಕಾಯ್ದಿರಿಸಿದ ಜಾಗ ಹೋದರೆ ಅದರಡಿಯ ಶಾಶ್ವತ ಹಲ್ಲು ಸೊಟ್ಟಗೆ ಬರುತ್ತದೆ. ಚಿಕಿತ್ಸೆ ಬೇಕೆಂದಾದರೆ ಬಿ.ಡಿ.ಎಸ್. ಬಳಿಕ ಮೂರು ವರ್ಷ ಇದೇ ವಿಷಯದಲ್ಲಿ ಎಂ.ಡಿ.ಎಸ್. ಓದಿದ ಆರ್ಥೊಡಾಂಟಿಸ್ಟ್ ಬಳಿ ಹೋಗಿ. ಖರ್ಚು ಭಾರವೆನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ. ಅಲ್ಲಿ ಹಿರಿಯ ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ, ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಆರು ತಿಂಗಳಲ್ಲಿ ಎಲ್ಲ ಮುಗಿಸಿಕೊಡುತ್ತೇವೆ ಎನ್ನುವ ಜಾಹೀರಾತು ಕಂಡರೆ, ಮೂಳೆ ತಿಂಗಳಿಗೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ದಾರಿ ಬಿಡುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಪ್ರಶ್ನೆ ಕೇಳಿ.